ರಜೆಯಲ್ಲಿ ಆಟಕ್ಕೆ ರಜೆ ಬೇಡ

ಗೆಳೆಯರೇ, ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡು ಬೇಸಿಗೆ ಅಂತ ದೊಡ್ಡವರು ನಗಾಡ್ತಾರೆ. ಏಪ್ರಿಲ್-ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದಕ್ಕೇ ನಮ್ಮ ಸತ್ಯನಾರಾಯಣಪೇಟೆಯಲ್ಲಿ ಮನೆಯವರು "ಹೊರಗೆ ಹೋಗಬ್ಯಾಡ" ಅಂತಾರೆ. ನಾವು ದಿನವಿಡೀ ಟಿ.ವಿ., ಮೊಬೈಲ್ ಮುಂದೆ ಕೂರುತ್ತೇವೆ.

5ರಿಂದ 17 ವರ್ಷದವರ ಮೈಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಆಟ ಬಿಡಬೇಕಿಲ್ಲ, ಹೊತ್ತು ಬದಲಿಸಿದರೆ ಸಾಕು. ಬೆಳಿಗ್ಗೆ 8ರೊಳಗೆ ಅರ್ಧ ಗಂಟೆ ಲಗೋರಿ, ಸಂಜೆ ಹೊತ್ತಿಳಿದ ಮೇಲೆ ಅರ್ಧ ಗಂಟೆ ಖೋಖೋ. ಲೆಕ್ಕ ಸರಿಯಾಯ್ತು!

ಬೆವರು ಮೈಯನ್ನು ತಂಪು ಮಾಡುತ್ತದೆ. ಬೆವರಾಗಿ ಹೋದ ನೀರನ್ನು ಮತ್ತೆ ತುಂಬಬೇಕು. ಆಟದ ನಡುವೆ ನೀರು, ಮಜ್ಜಿಗೆ ಕುಡಿಯಿರಿ. ತಲೆ ತಿರುಗಿದರೆ ನೆರಳಿಗೆ ಬಂದು ದೊಡ್ಡವರಿಗೆ ಹೇಳಿರಿ.

ಮನೆಗೆಲಸದಲ್ಲಿರುವ ಅಕ್ಕ-ತಂಗಿಯರನ್ನೂ ಆಟಕ್ಕೆ ಕರೆಯಿರಿ.