ಇಂಟರ್‌ಫೇಸ್ ವಿಭಜನೆಯ ತತ್ತ್ವ

ಗಣಕಯಂತ್ರದ ದೊಡ್ಡ ಪ್ರೋಗ್ರಾಮುಗಳನ್ನು ‘ಆಬ್ಜೆಕ್ಟ್’ಗಳೆಂಬ ಬಿಡಿ ಭಾಗಗಳಿಂದ ಕಟ್ಟುವ ಪದ್ಧತಿಯೊಂದುಂಟು. ಇಲ್ಲಿ ಒಂದು ಭಾಗವು ಮತ್ತೊಂದರ ಒಳಗುಟ್ಟನ್ನು ಅರಿಯಬೇಕಾದುದಿಲ್ಲ. ಅದರಿಂದ ಯಾವ ಯಾವ ಕೆಲಸಗಳನ್ನು ಮಾಡಿಸಿಕೊಳ್ಳಬಹುದೆಂಬ ಪಟ್ಟಿಯನ್ನು ತಿಳಿದರೆ ಸಾಕು. ಈ ಪಟ್ಟಿಯೇ ಇಂಟರ್‌ಫೇಸ್. ಅದನ್ನು ಬಳಸುವ ಭಾಗವನ್ನು ‘ಗ್ರಾಹಕ’ವೆಂದು ಕರೆಯೋಣ. ಯಾವ ಗ್ರಾಹಕವೂ ತಾನು ಬಳಸದ ಕೆಲಸಗಳನ್ನು ಅವಲಂಬಿಸುವಂತಾಗಕೂಡದು ಎಂಬುದೇ ಇಂಟರ್‌ಫೇಸ್ ವಿಭಜನೆಯ ತತ್ತ್ವ.

ಬಳಸದ ಕೆಲಸವು ಪಟ್ಟಿಯಲ್ಲಿದ್ದರೆ ಕೆಡುಕೇನು ಎಂದು ವಾಚಕರು ಕೇಳಬಹುದು. ಉತ್ತರವು ಈ ತತ್ತ್ವದ ಹುಟ್ಟಿನಲ್ಲಿಯೇ ಇದೆ. ಅಮೆರಿಕದ ರಾಬರ್ಟ್ ಸಿ. ಮಾರ್ಟಿನ್ ಅವರು ಜೆರಾಕ್ಸ್ ಸಂಸ್ಥೆಗೆ ಸಲಹೆಗಾರರಾಗಿದ್ದಾಗ, ಮುದ್ರಿಸುವ, ಪಿನ್ನು ಹೊಡೆಯುವ, ಫ್ಯಾಕ್ಸ್ ಕಳುಹಿಸುವ ಕೆಲಸಗಳನ್ನೆಲ್ಲ ಮಾಡಬಲ್ಲ ಹೊಸ ಯಂತ್ರವೊಂದು ಅಲ್ಲಿ ಸಿದ್ಧವಾಗುತ್ತಿತ್ತು. ಅದರ ಪ್ರೋಗ್ರಾಮಿನಲ್ಲಿ ‘ಜಾಬ್’ ಎಂಬ ಒಂದೇ ವರ್ಗವನ್ನು ಹೆಚ್ಚುಕಡಿಮೆ ಎಲ್ಲ ಭಾಗಗಳೂ ಅವಲಂಬಿಸಿದ್ದುವು. ಪಿನ್ನು ಹೊಡೆಯುವ ಭಾಗಕ್ಕೆ ಮುದ್ರಣದ ಕೆಲಸಗಳ ಗೊಡವೆ ಬೇಕಿರಲಿಲ್ಲ. ಆದರೂ ಆ ನಂಟು ತಪ್ಪಲಿಲ್ಲ. ಇದರ ಫಲವಾಗಿ, ಅತ್ಯಲ್ಪ ತಿದ್ದುಪಡಿಗೂ ಒಂದು ಗಂಟೆಯಷ್ಟು ಕಾಲ ಹಿಡಿದು, ಕೆಲಸವು ಮುಂದೆ ಸಾಗುವುದೇ ದುಸ್ತರವಾಯಿತು.

ಪರಿಹಾರವು ಸರಳವಾಗಿತ್ತು. ‘ಜಾಬ್’ ವರ್ಗಕ್ಕೂ ಗ್ರಾಹಕಗಳಿಗೂ ನಡುವೆ ಚಿಕ್ಕ ಇಂಟರ್‌ಫೇಸ್‌ಗಳ ಪದರವೊಂದನ್ನು ಇರಿಸಲಾಯಿತು. ಪಿನ್ನಿನ ಭಾಗಕ್ಕೆ ಪಿನ್ನಿನ ಪಟ್ಟಿ. ಮುದ್ರಣದ ಭಾಗಕ್ಕೆ ಮುದ್ರಣದ ಪಟ್ಟಿ. ಇವೆಲ್ಲವನ್ನೂ ನೆರವೇರಿಸುವ ಹೊಣೆ ‘ಜಾಬ್’ನದೇ. ಇನ್ನು ಮುದ್ರಣದ ಪಟ್ಟಿ ಬದಲಾದರೆ ಪಿನ್ನಿನ ಭಾಗಕ್ಕೆ ಅದರ ಸೋಂಕಿಲ್ಲ. 1996ರಲ್ಲಿ ಮಾರ್ಟಿನ್ ಈ ತತ್ತ್ವವನ್ನು ಕುರಿತು ಲೇಖನವನ್ನು ಪ್ರಕಟಿಸಿದರು.

ಮತ್ತೊಂದು ಬಗೆಯ ಕೇಡೂ ಉಂಟು. ಜಾವಾ ಭಾಷೆಯ ‘ಲಿಸ್ಟ್’ ಇಂಟರ್‌ಫೇಸ್‌ನಲ್ಲಿ ಓದುವ ಕೆಲಸಗಳೊಡನೆ ಸೇರಿಸುವ, ಅಳಿಸುವ ಕೆಲಸಗಳೂ ಇವೆ. ಬದಲಾಗಬಾರದ ಲಿಸ್ಟ್ ಕೂಡ ಇವನ್ನು ಹೆಸರಿಗಾದರೂ ಹೊತ್ತಿರಬೇಕು. ಅದಕ್ಕೆ ಹೊಸ ಅಂಶವನ್ನು ಸೇರಿಸಹೊರಟರೆ ಕಂಪೈಲರು ಆಕ್ಷೇಪಿಸುವುದಿಲ್ಲ. ಪ್ರೋಗ್ರಾಮು ಓಡುತ್ತಿರುವಾಗಲೇ ದೋಷವು ತಲೆದೋರುತ್ತದೆ.

ಹಾಗೆಂದು ಒಂದೊಂದು ಕೆಲಸಕ್ಕೂ ಒಂದೊಂದು ಇಂಟರ್‌ಫೇಸ್ ರಚಿಸುವುದು ವಿವೇಕವಲ್ಲ. ಇಲ್ಲಿ ಅಳತೆಗೋಲು ಕೆಲಸಗಳ ಸಂಖ್ಯೆಯಲ್ಲ, ಗ್ರಾಹಕಗಳ ಅಗತ್ಯ. ಸದಾ ಜೊತೆಯಾಗಿ ಬಳಕೆಯಾಗುವ ಕೆಲಸಗಳು ಜೊತೆಯಲ್ಲಿಯೇ ಇರತಕ್ಕವು.

ಅಭ್ಯಾಸ: ಪ್ರಯೋಗಶಾಲೆಯ ಉಷ್ಣತಾಮಾಪಕವನ್ನು ಪ್ರತಿನಿಧಿಸುವ ವರ್ಗವೊಂದರಲ್ಲಿ ‘ಅಳತೆಯನ್ನು ಓದು’, ‘ಶೂನ್ಯಕ್ಕೆ ಹೊಂದಿಸು’, ‘ದಾಖಲೆಯನ್ನು ಅಳಿಸು’ ಎಂಬ ಮೂರು ಕೆಲಸಗಳಿವೆ. ನಕ್ಷೆಯನ್ನು ಬರೆಯುವ ಭಾಗಕ್ಕೆ ಇವುಗಳಲ್ಲಿ ಯಾವುದು ಬೇಕು? ಉಳಿದವನ್ನೂ ಅದರ ಕೈಗೆ ಕೊಟ್ಟರೆ ಆಗಬಹುದಾದ ಅನರ್ಥವೇನು? ವಿದ್ಯಾರ್ಥಿಗಳು ತಾವೇ ವಿಚಾರಮಾಡಿ ಇಂಟರ್‌ಫೇಸ್‌ಗಳನ್ನು ಬರೆದು ನೋಡಲಿ.