ಬಲ್ಬ್ ಹಾಕಿದ ಕಪಾಟಿನಲ್ಲೂ ಬೂಷ್ಟು ಬಂದಿದ್ದೇಕೆ?

ಸುಂಟಿಕೊಪ್ಪದಲ್ಲಿ ಒಂದು ಜುಲೈ ತಿಂಗಳು ಕಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು, ಎಲ್ಲದರ ಮೇಲೂ ಬೂಷ್ಟು. ಅದಕ್ಕೇ ಕೊಡಗಿನ ಎಷ್ಟೋ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ ಒಂದು ಬಲ್ಬ್ ಉರಿಸಿಡುತ್ತಾರೆ.

ನಮ್ಮ ಗೆಳೆಯನೊಬ್ಬನ ಮನೆ ಅಲ್ಲೇ. ಅವನಮ್ಮ ತೋಟದ ರೊಬಸ್ಟಾ ಬೀಜವನ್ನು ಸ್ವಲ್ಪ ಸ್ವಲ್ಪ ಹುರಿದು ಪುಡಿ ಮಾಡಿ ಪರಿಚಯದವರಿಗೆ ಮಾರುತ್ತಾರೆ. ಮಳೆಗಾಲಕ್ಕೆ ಅಂತ ಸುಮಾರು 30 ಕೆಜಿ ಬೀಜ ಮರದ ಕಪಾಟಿನಲ್ಲಿ, ಕೆಳಗೆ 40 ವ್ಯಾಟ್ ಬಲ್ಬ್. ಕಳೆದ ವರ್ಷ ಹಿಂದಿನ ಎರಡು ಚೀಲಕ್ಕೆ ಬೂಷ್ಟು ಹಿಡಿದು ಎಸೆಯಬೇಕಾಯ್ತು. "ಬಲ್ಬ್ ಒಂದಿನಾನೂ ಆರಿಸಿಲ್ಲ ಮಕ್ಳೇ, ಆದ್ರೂ ಹೀಗ್ಯಾಕಾಯ್ತು? ನೀವೆಲ್ಲ ಇಂಜಿನಿಯರಿಂಗ್ ಓದ್ತಾ ಇದ್ದೀರಲ್ಲ, ಹೇಳಿ" ಅಂದ್ರು. ನಮ್ಮ ಯಾರ ಹತ್ರಾನೂ ಉತ್ತರ ಇರಲಿಲ್ಲ.

ದಾರಿ ತೋರಿಸಿದ್ದು ಸಿಗಾರ್ ಇಡುವ ಕಪಾಟು! ಸಿಗಾರ್‌ಗೆ 65ರಿಂದ 70 ಶೇಕಡಾ ಸಾಪೇಕ್ಷ ಆರ್ದ್ರತೆ ಬೇಕು. ಕಡಿಮೆಯಾದರೆ ಎಲೆ ಸೀಳುತ್ತೆ, ಜಾಸ್ತಿಯಾದರೆ ಬೂಷ್ಟು. ಅವರು ಕಪಾಟಿನೊಳಗೆ ನೀರು ಸೇರಿಸುತ್ತಾರೆ, ನಾವು ತೆಗೆಯಬೇಕು. ಆದರೆ ಎತ್ತರದ ಕಪಾಟಿನಲ್ಲಿ ಇಬ್ಬರಿಗೂ ಒಂದೇ ತಲೆನೋವು: ಒಂದು ಅಂಕಣ ಒಣ, ಇನ್ನೊಂದು ಒದ್ದೆ.

ಇಲ್ಲಿ ಲೆಕ್ಕ ಮಾಡಿ ನೋಡೋಣ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 23 ಗ್ರಾಂ ನೀರಾವಿ ಹಿಡಿಯುತ್ತದೆ, 20 ಡಿಗ್ರಿಯಲ್ಲಿ ಬರೀ 17.3 ಗ್ರಾಂ. ಬಲ್ಬಿನ ಹತ್ತಿರ 25 ಡಿಗ್ರಿ, 60 ಶೇಕಡಾ ಅಂದುಕೊಳ್ಳಿ. ಅಂದರೆ ಸುಮಾರು 13.8 ಗ್ರಾಂ ಆವಿ. ಅದೇ ಗಾಳಿ ಮಳೆಗೆ ನೆನೆದ ಹಿಂಗೋಡೆಯ ಪಕ್ಕ 20 ಡಿಗ್ರಿಗೆ ತಣ್ಣಗಾದರೆ? 13.8 ಭಾಗಿಸು 17.3, ಅಂದರೆ 80 ಶೇಕಡಾ! ಒಂದು ಹನಿ ನೀರೂ ಹೊರಗಿಂದ ಬಂದಿಲ್ಲ. 70 ದಾಟಿತೋ ಬೂಷ್ಟಿಗೆ ಹಬ್ಬ. ಹತ್ತಿರಹತ್ತಿರ ಒಂದು ಡಿಗ್ರಿ ವ್ಯತ್ಯಾಸಕ್ಕೆ ನಾಲ್ಕು ಅಂಶ ಏರುಪೇರು. ನಾವು ತೇವದ ಸಮಸ್ಯೆ ಅಂದುಕೊಂಡಿದ್ದು ಅಸಲಿಗೆ ಉಷ್ಣತೆಯ ಸಮಸ್ಯೆ.

ಇನ್ನೂ ಕೆಟ್ಟ ಸುದ್ದಿ ಇದೆ. ಬಾಗಿಲು ಮುಚ್ಚಿದ ಕಪಾಟಿನಿಂದ ಬಲ್ಬ್ ನೀರನ್ನು ಆಚೆ ಹಾಕಲ್ಲ, ಜಾಗ ಬದಲಿಸುತ್ತೆ ಅಷ್ಟೇ. ಬಿಸಿಯಾದ ಚೀಲ ತೇವ ಬಿಡುತ್ತೆ, ಗೋಡೆಗೆ ಒತ್ತಿಕೊಂಡ ತಣ್ಣನೆ ಚೀಲ ಅದನ್ನು ಕುಡಿಯುತ್ತೆ. ಕಾಫಿ ತುಂಬಿದ ಹಡಗಿನ ಕಂಟೈನರ್‌ಗಳಲ್ಲೂ ಹೀಗೇ ಆಗುತ್ತೆ. ತಣ್ಣಗಾದ ಛಾವಣಿಯಿಂದ ಹನಿ ಬೀಳುತ್ತೆ, ಅದಕ್ಕೆ ಒಳಗೆಲ್ಲ ದಪ್ಪ ಕಾಗದ ಹೊದಿಸುತ್ತಾರೆ. ಅಮ್ಮ ಪಾಪ, ತಾವೇ ಬಲ್ಬ್ ಉರಿಸಿ ಹಿಂದಿನ ಚೀಲಕ್ಕೆ ನೀರು ಕುಡಿಸಿದ್ರು. (ಮರ, ಗೋಣಿ ಇರೋ ಕಡೆ ರಾತ್ರಿಯಿಡೀ ಬಿಸಿ ಬಲ್ಬ್ ಬೆಂಕಿಗೂ ದಾರಿ. ಎಲ್‌ಇಡಿ ಹಾಕಿದರೆ ಬಿಸಿಯೇ ಸಾಲಲ್ಲ, ಅದು ಬೇರೆ ಮಾತು.)

ಹಾಗಾಗಿ ಮೊದಲು ಬಲ್ಬ್ ತೆಗೆದ್ವಿ. ಕಪಾಟನ್ನು ಹೊರಗೋಡೆಯಿಂದ ಸರಿಸಿ ಒಳಗೋಡೆಯ ಕಡೆ ಇಟ್ವಿ, ಹಿಂದೆ ನಾಲ್ಕು ಬೆರಳು ಜಾಗ. ಹಲಗೆಗಳಿಗೆ ತೂತು, ಬಾಗಿಲಿನ ಅಂಚಿಗೆ ಫೋಮ್ ಪಟ್ಟಿ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ನಿಧಾನವಾಗಿ, ಇಡೀ ದಿನ ತಿರುಗೋ ಹಾಗೆ ಹಾಕಿದ್ವಿ. ತೇವ ಹೀರೋಕೆ ಸಿಲಿಕಾ ಜೆಲ್. ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು.

ಸೆನ್ಸರ್ ವಿಷಯದಲ್ಲಿ ನಾವು ಎಡವಿದ್ವಿ. ಡಿಎಚ್‌ಟಿ11ರ ತಪ್ಪೇ ಐದು ಅಂಶ ಆಚೀಚೆ. ಮೇಲೊಂದು ಕೆಳಗೊಂದು ಇಟ್ಟು "ಎಂಟು ಅಂಶ ವ್ಯತ್ಯಾಸ!" ಅಂತ ಒಂದು ಸಂಜೆಯಿಡೀ ಚರ್ಚೆ ಮಾಡಿದ್ವಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಅಲ್ಲೂ ಅಷ್ಟೇ ವ್ಯತ್ಯಾಸ. ನೀವು ಮಾಡೋದಾದರೆ ಮೊದಲು ಉಪ್ಪಿನ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಿನಂತಾಗುವಷ್ಟೇ ನೀರು. ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಬಿಡಿ. ಒಳಗೆ 75 ಶೇಕಡಾ ನಿಲ್ಲುತ್ತೆ. ಎಷ್ಟು ತಪ್ಪು ತೋರಿಸುತ್ತೋ ಅಷ್ಟನ್ನು ಕೋಡ್‌ನಲ್ಲಿ ಸರಿ ಮಾಡಿಕೊಳ್ಳಿ.

ಇನ್ನೊಂದು ಮಾತು, ಕಪಾಟು ಕಣದ ಕೆಲಸ ಮಾಡಲ್ಲ. ಅಂತಾರಾಷ್ಟ್ರೀಯ ಕಾಫಿ ಸಂಘಟನೆಯ ಮಿತಿ ಪ್ರಕಾರ ಬೀಜದ ತೇವಾಂಶ 12.5 ಶೇಕಡಾ ಮೀರಬಾರದು. 30 ಕೆಜಿ ಬೀಜವನ್ನು 13ರಿಂದ 11ಕ್ಕೆ ಇಳಿಸಬೇಕಾದರೆ ಸುಮಾರು 670 ಗ್ರಾಂ ನೀರು ಹೋಗಬೇಕು. ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಭಾಗ ನೀರು ಹಿಡಿಯುತ್ತೆ ಅಂದರೂ ಎರಡು ಕೆಜಿ ಬೇಕು. ಬೇಸಿಗೆಯಲ್ಲಿ ಕಣದ ಬಿಸಿಲು ಅದನ್ನು ಪುಕ್ಕಟೆ ಮಾಡುತ್ತೆ.

ಈ ಸಲ ಮೇಲೂ ಕೆಳಗೂ ಎರಡು ಮೂರು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ ಬರಲಿಲ್ಲ, ಚೀಲಗಳೂ ಉಳಿದವು. ಆದರೆ ಆಗಸ್ಟ್‌ನಲ್ಲಿ ಲೈನ್ ಮೇಲೆ ಮರ ಬಿದ್ದು ಮೂರು ದಿನ ಕರೆಂಟ್ ಇರಲಿಲ್ಲ. ಅಮ್ಮ ಗಾಬರಿಯಿಂದ ಫೋನ್ ಮಾಡಿ "ಬಾಗಿಲು ತೆಗೆದಿಡ್ಲಾ?" ಅಂತ ಕೇಳಿದ್ರು. ಬೇಡ ಅಂದ್ವಿ. ಅರ್ಧ ಘನ ಮೀಟರ್ ಗಾಳಿಯಲ್ಲಿರೋದು ಏಳು ಗ್ರಾಂ ನೀರು, ಬೀಜದಲ್ಲಿರೋದು ಮೂರು ಕೆಜಿಗೂ ಜಾಸ್ತಿ. ಮುಚ್ಚಿದ ಕಪಾಟಿನ ಗಾಳಿಯನ್ನು ಬೀಜವೇ ಹಿಡಿದಿಡುತ್ತೆ. ಬಲ್ಬೂ ಇಲ್ಲ, ಹಾಗಾಗಿ ಬಿಸಿ ಮೂಲೆ, ತಣ್ಣನೆ ಮೂಲೆ ಅಂತಲೂ ಇಲ್ಲ. ಕರೆಂಟ್ ಬಂದ ಮೇಲೆ ನೋಡಿದರೆ ಸೆನ್ಸರ್ ಮೊದಲಿನಷ್ಟೇ ತೋರಿಸ್ತಾ ಇತ್ತು.