ಬೆಳೆಯುವ ತಂತ್ರಾಂಶದಲ್ಲಿ ಸೆಟಿಂಗ್ ಕಡತಗಳ ವ್ಯವಸ್ಥೆ

ಯಾವುದೇ ವೆಬ್ ಅಪ್ಲಿಕೇಷನ್ನಿನಲ್ಲಿ ಎರಡು ಬಗೆಯ ಬರವಣಿಗೆಯನ್ನು ಕಾಣುತ್ತೇವೆ. ಕೆಲಸವು ಹೇಗೆ ನಡೆಯಬೇಕೆಂಬುದನ್ನು ಹೇಳುವ ಪ್ರೋಗ್ರಾಮು ಒಂದು. ಅದು ಯಾವ ಯಂತ್ರದ ಮೇಲೆ, ಯಾವ ಡೇಟಾಬೇಸಿನೊಡನೆ, ಯಾವ ಪಾಸ್‌ವರ್ಡಿನಿಂದ ನಡೆಯಬೇಕೆಂಬುದನ್ನು ಹೇಳುವ ಕಾನ್ಫಿಗರೇಷನ್ ಮತ್ತೊಂದು. ಮೊದಲನೆಯದಕ್ಕೆ ದೊರೆಯುವ ಗಮನ ಎರಡನೆಯದಕ್ಕೆ ದೊರೆಯುವುದು ಅಪೂರ್ವ. ಈ ಅಲಕ್ಷ್ಯದ ಫಲ ಎಂತಹುದೆಂಬುದಕ್ಕೆ ಒಂದು ನಿದರ್ಶನವನ್ನು ನೋಡೋಣ.

ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯು ೨೦೧೨ನೆಯ ಇಸವಿ ಆಗಸ್ಟ್ ೧ರಂದು ಹೊಸ ಪ್ರೋಗ್ರಾಮೊಂದನ್ನು ಬಳಕೆಗೆ ತಂದಿತು. ಅದನ್ನು ಚಾಲೂ ಮಾಡಲು, ಹಿಂದೆ ಬೇರೊಂದು ಕೆಲಸಕ್ಕಾಗಿ ಇದ್ದ ಫ್ಲಾಗನ್ನೇ ಉಪಯೋಗಿಸಲಾಗಿತ್ತು. ಆ ಹಳೆಯ ಕೆಲಸ ೨೦೦೩ರಲ್ಲಿಯೇ ನಿಂತಿದ್ದರೂ ಅದರ ಪ್ರೋಗ್ರಾಮನ್ನು ಯಾರೂ ಅಳಿಸಿರಲಿಲ್ಲ. ಎಂಟು ಸರ್ವರುಗಳ ಪೈಕಿ ಒಂದಕ್ಕೆ ಹೊಸ ಪ್ರೋಗ್ರಾಮನ್ನು ಹಾಕುವುದು ತಪ್ಪಿಹೋಯಿತು. ಫ್ಲಾಗನ್ನು ಏರಿಸಿದೊಡನೆ ಆ ಒಂದು ಸರ್ವರಿನಲ್ಲಿ ಮಲಗಿದ್ದ ಹಳೆಯ ಪ್ರೋಗ್ರಾಮು ಎದ್ದು ಕುಳಿತು, ಷೇರುಗಳನ್ನು ಮನಬಂದಂತೆ ಕೊಂಡು ಮಾರತೊಡಗಿತು. ಸುಮಾರು ೪೫ ನಿಮಿಷಗಳಲ್ಲಿ ಆದ ನಷ್ಟ ೪೪ ಕೋಟಿ ಡಾಲರುಗಳಿಗೆ ಕಡಮೆಯಿಲ್ಲ. ಮರುವರ್ಷವೇ ಆ ಸಂಸ್ಥೆ ಇನ್ನೊಂದರಲ್ಲಿ ವಿಲೀನವಾಯಿತು.

ಹಾಗಾದರೆ ಸೆಟಿಂಗುಗಳನ್ನು ಹತೋಟಿಯಲ್ಲಿಡುವ ಬಗೆ ಹೇಗೆ? ೨೦೦೫ರಲ್ಲಿ ಲೋಕಾರ್ಪಣೆಗೊಂಡ ಜಾಂಗೋ ಎಂಬ ಪೈಥಾನ್ ಚೌಕಟ್ಟನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಹೊಸ ಯೋಜನೆಗೆ ಮೊದಲು ದೊರೆಯುವುದು ಸೆಟಿಂಗ್ಸ್ ಎಂಬ ಒಂದೇ ಕಡತ. ಅಪ್ಲಿಕೇಷನ್ ಬೆಳೆದಂತೆಲ್ಲ ಅದು ನೂರಾರು ಸಾಲುಗಳಾಗಿ, 'ಈ ಯಂತ್ರವಾದರೆ ಹೀಗೆ, ಆ ಯಂತ್ರವಾದರೆ ಹಾಗೆ' ಎಂಬ ಷರತ್ತುಗಳಿಂದ ಗೋಜಲಾಗುತ್ತದೆ.

ಮೊದಲನೆಯ ಉಪಾಯ ವಿಭಜನೆ. ಎಲ್ಲೆಡೆಗೂ ಸಮಾನವಾದುದನ್ನು ಮೂಲಕಡತದಲ್ಲಿಟ್ಟು, ಅಭ್ಯಾಸದ ಯಂತ್ರಕ್ಕೂ ಜನರು ಬಳಸುವ ಸರ್ವರಿಗೂ ಒಂದೊಂದು ಚಿಕ್ಕ ಕಡತವನ್ನು ಬರೆಯಬೇಕು. ಚಿಕ್ಕ ಕಡತದಲ್ಲಿ ವ್ಯತ್ಯಾಸ ಮಾತ್ರ ಇರತಕ್ಕದ್ದು. ಇಲ್ಲಿ ಒಂದು ಎಚ್ಚರಿಕೆ ಅವಶ್ಯ: ಮೂಲಕಡತದಲ್ಲಿ ಒಂದು ಬೆಲೆಯಿಂದ ಇನ್ನೊಂದನ್ನು ಆಗಲೇ ಲೆಕ್ಕಹಾಕಿದ್ದರೆ, ಚಿಕ್ಕ ಕಡತದಲ್ಲಿ ಮೊದಲನೆಯದನ್ನು ಬದಲಿಸಿದರೂ ಎರಡನೆಯದು ತಾನಾಗಿ ಬದಲಾಗದು.

ಎರಡನೆಯದು ಗುಟ್ಟಿನ ರಕ್ಷಣೆ. ಪಾಸ್‌ವರ್ಡುಗಳನ್ನೂ ಗುಪ್ತ ಕೀಲಿಯನ್ನೂ ಕಡತದಲ್ಲಿ ಬರೆಯದೆ ಯಂತ್ರದ ಪರಿಸರ ಚರಗಳಿಂದ ಪಡೆಯುವುದು ಲೇಸು. ಒಮ್ಮೆ ಗಿಟ್ ಭಂಡಾರವನ್ನು ಸೇರಿದ ಪಾಸ್‌ವರ್ಡನ್ನು ಮುಂದೆ ಅಳಿಸಿದರೂ ಹಳೆಯ ಚರಿತ್ರೆಯಲ್ಲಿ ಅದು ಉಳಿದೇ ಇರುತ್ತದೆ. ಆದುದರಿಂದ ಅಂತಹ ಸಂದರ್ಭದಲ್ಲಿ ಅಳಿಸುವುದರಿಂದ ತೃಪ್ತರಾಗದೆ ಪಾಸ್‌ವರ್ಡನ್ನೇ ಬದಲಿಸಬೇಕು.

ಮೂರನೆಯದು ಪರೀಕ್ಷೆ. ಪರಿಸರ ಚರದಿಂದ ಬರುವುದೆಲ್ಲವೂ ಬರಿಯ ಅಕ್ಷರಮಾಲೆ. ಡೀಬಗ್ ಬೇಡವೆಂದು ಅದರಲ್ಲಿ 'ಫಾಲ್ಸ್' ಎಂದು ಬರೆದರೆ, ಅದು ಬರಿದಲ್ಲದ ಅಕ್ಷರಮಾಲೆಯಾದ್ದರಿಂದ ಪೈಥಾನ್ ಅದನ್ನು 'ಹೌದು' ಎಂದೇ ತಿಳಿಯುತ್ತದೆ! ಆಗ ದೋಷವೊಂದು ಸಂಭವಿಸಿದರೆ ಅಪ್ಲಿಕೇಷನ್ನಿನ ಒಳವಿವರಗಳೆಲ್ಲ ಕಂಡವರ ಕಣ್ಣಿಗೆ ಬೀಳುತ್ತವೆ. ಆದಕಾರಣ ಪ್ರತಿಯೊಂದು ಬೆಲೆಯನ್ನೂ ಪ್ರಾರಂಭದಲ್ಲಿಯೇ ತಕ್ಕ ರೂಪಕ್ಕೆ ತಿರುಗಿಸಿ, ಸರಿಯಿಲ್ಲದಿದ್ದರೆ ಅಪ್ಲಿಕೇಷನ್ ಏಳದಂತೆಯೇ ಮಾಡಬೇಕು. ನಡುರಾತ್ರಿ ಕೆಡುವುದಕ್ಕಿಂತ ಹೊಸ್ತಿಲಲ್ಲಿಯೇ ಎಡವುವುದು ಮೇಲಲ್ಲವೆ? ಜಾಂಗೋದ ಸಹಜ ಬೆಲೆಗಳಿಗೂ ನಮ್ಮವಕ್ಕೂ ಇರುವ ಅಂತರವನ್ನು 'ಡಿಫ್‌ಸೆಟಿಂಗ್ಸ್' ಎಂಬ ಆಜ್ಞೆ ತೋರಿಸಿಕೊಡುತ್ತದೆ.

ಕೊನೆಯದು ತ್ಯಾಗ. ಎಂದಾದರೊಂದು ದಿನ ಬೇಕಾದೀತೆಂದು ಹಳೆಯ ಸಾಮಾನನ್ನು ಅಟ್ಟಕ್ಕೇರಿಸುವಂತೆ ಸೆಟಿಂಗುಗಳನ್ನು ಉಳಿಸಿಕೊಳ್ಳುವುದು ಸಲ್ಲದು. ಪ್ರತಿಯೊಂದು ಫ್ಲಾಗಿನ ಪಕ್ಕದಲ್ಲಿ ಅದರ ಉದ್ದೇಶವನ್ನೂ ತೆಗೆಯಬೇಕಾದ ಕಾಲವನ್ನೂ ಬರೆದಿಡಬೇಕು. ಕಾಲ ಬಂದಾಗ ಫ್ಲಾಗನ್ನೂ ಅದರ ಪ್ರೋಗ್ರಾಮನ್ನೂ ಜೊತೆಯಾಗಿ ಕಿತ್ತುಹಾಕಬೇಕು. ಹಳೆಯ ಹೆಸರನ್ನು ಹೊಸ ಕೆಲಸಕ್ಕೆ ಎಂದಿಗೂ ಕೊಡಬಾರದು.

ಇವು ಪಾಂಡಿತ್ಯದ ವಿಷಯಗಳಲ್ಲ, ಅಚ್ಚುಕಟ್ಟುತನದ ವಿಷಯಗಳು. ನಮ್ಮ ಕಡತವನ್ನು ನಾಳೆ ಓದುವವನು ನಮ್ಮನ್ನು ಕೇಳದೆಯೇ ಅದನ್ನು ಅರ್ಥಮಾಡಿಕೊಳ್ಳುವಂತಿದ್ದರೆ ನಮ್ಮ ಶ್ರಮ ಸಾರ್ಥಕವಾದಂತೆ.